ಓಟಿಪಿ ನೋಡಲು ಮೊಬೈಲ್ ಎತ್ತಿದೆ, ರಿಟರ್ನ್ ಅಲ್ಲೇ ಉಳಿಯಿತು

ಓದುಗರ ಪ್ರಶ್ನೆ (2025ರ ನವೆಂಬರ್‌ನಲ್ಲಿ ಬಂದದ್ದು, ಉತ್ತರವೂ ಆಗಿನದೇ): ನನಗೆ 34 ವರ್ಷ. ಊರು ತಿಪಟೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. 2024-25ರಲ್ಲಿ ಒಟ್ಟು ಸಂಬಳ 9,25,000 ರೂಪಾಯಿ. ಕಂಪನಿಯವರು ಹಳೆ ತೆರಿಗೆ ಪದ್ಧತಿಯ ಲೆಕ್ಕದಲ್ಲಿ 34,341 ರೂಪಾಯಿ ಟಿಡಿಎಸ್ (ಸಂಬಳದಲ್ಲೇ ಕಳೆಯುವ ತೆರಿಗೆ) ಹಿಡಿದಿದ್ದಾರೆ. ಪಿಎಫ್, ಎಲ್‌ಐಸಿ ಸೇರಿ ಒಂದೂವರೆ ಲಕ್ಷ, ಮನೆ ಬಾಡಿಗೆ ವಿನಾಯಿತಿ 1,20,000 ಕಂಪನಿ ಕೊಟ್ಟ ಫಾರಂ 16ರಲ್ಲಿದೆ. ಎಫ್‌ಡಿ ಬಡ್ಡಿ 18,000 ಬಂದಿದೆ, ಅದನ್ನು ಕಂಪನಿಗೆ ಹೇಳಿಲ್ಲ. ಜೂನ್‌ನಿಂದ ಆದಾಯ ತೆರಿಗೆ ರಿಟರ್ನ್ ಹಾಕಬೇಕು ಅಂತ ಕೂರುತ್ತಲೇ ಇದ್ದೇನೆ. ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ, ಓಟಿಪಿ ನೋಡಲು ಮೊಬೈಲ್ ಎತ್ತುತ್ತೇನೆ, ಅಲ್ಲಿಗೆ ಮುಗಿಯಿತು. ರೀಲ್ಸ್ ನೋಡುತ್ತಾ ಹನ್ನೊಂದೂವರೆ ಆಗಿರುತ್ತದೆ. ಗಡುವಾಗಿದ್ದ ಸೆಪ್ಟೆಂಬರ್ 16 ದಾಟಿ ಎರಡು ತಿಂಗಳಾಯಿತು. ಇನ್ನೊಂದು ವಿಷಯ. ಕಳೆದ ವರ್ಷ ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಏಜೆಂಟ್ ಒಬ್ಬರಿಂದ ರಿಟರ್ನ್ ಹಾಕಿಸಿದ್ದೆ. ಹಿಡಿದಿದ್ದ 29,640 ರೂಪಾಯಿ ಪೂರ್ತಿ ವಾಪಸ್ ಬಂತು. ಅವರು ಆರು ಸಾವಿರ ತೆಗೆದುಕೊಂಡರು. ರಾಜಕೀಯ ಪಕ್ಷಕ್ಕೆ 85,000 ದೇಣಿಗೆ ಕೊಟ್ಟೆ ಅಂತ ಹಾಕಿದ್ದಾರಂತೆ. ನಾನು ಒಂದು ರೂಪಾಯಿಯೂ ಕೊಟ್ಟಿಲ್ಲ. ಅದೇ ಏಜೆಂಟ್ ಹತ್ತಿರ ಮಾಡಿಸಿದ ಸಹೋದ್ಯೋಗಿಗೆ ಈಗ ಇಲಾಖೆಯಿಂದ ಇಮೇಲ್ ಬಂದಿದೆ, ನನಗೆ ಬಂದಿಲ್ಲ. ಮುಂದಿನ ವರ್ಷದಿಂದ ಇಲಾಖೆಯವರು ಎಲ್ಲರ ಇನ್‌ಸ್ಟಾಗ್ರಾಂ, ವಾಟ್ಸಾಪ್ ನೋಡುತ್ತಾರೆ ಅಂತ ರೀಲ್ಸ್ ಬರುತ್ತಿದೆ. ಗೋವಾ ಪ್ರವಾಸದ ಫೋಟೋಗಳನ್ನೆಲ್ಲ ತೆಗೆದುಹಾಕಿದ್ದೇನೆ. ಹೆಂಡತಿಗೆ ಕಳೆದ ವರ್ಷದ ವಿಷಯ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಎಲ್ಲವನ್ನೂ ಮುಚ್ಚಿಡದೆ ಬರೆದಿದ್ದೀರಿ, ಸಂಖ್ಯೆಗಳನ್ನೂ ಕೊಟ್ಟಿದ್ದೀರಿ. ಅದರಿಂದ ನನ್ನ ಕೆಲಸ ಸುಲಭವಾಯಿತು. ಮೊದಲೇ ಹೇಳಿಬಿಡುತ್ತೇನೆ, ಎರಡನ್ನೂ ಸರಿ ಮಾಡಬಹುದು. ಈ ವರ್ಷದ್ದು ಚಿಕ್ಕದು. ಕಳೆದ ವರ್ಷದ್ದು ದೊಡ್ಡದು, ಆದರೆ ನಿಮ್ಮ ಹೆಸರಿಗೆ ನೋಟಿಸ್ ಬರುವ ಮುಂಚೆ ಕೈ ಹಾಕಿದರೆ ಅದಕ್ಕೂ ಕಾನೂನಿನಲ್ಲೇ ದಾರಿ ಇದೆ.

ಇಪ್ಪತ್ತೆರಡು ವರ್ಷದಿಂದ ರಿಟರ್ನ್ ಹಾಕುವ ಕೆಲಸವೇ ನನ್ನದು. ಮುಂದೂಡಿ ಮುಂದೂಡಿ ಕೊನೆಗೆ ಬಂದು ಕೂತವರನ್ನು ಬಹಳ ನೋಡಿದ್ದೇನೆ. ಸೋಮಾರಿಗಳು ಅವರಲ್ಲಿ ಕಡಿಮೆ. ಹೆಚ್ಚಿನವರಿಗೆ ಫೈಲಿನೊಳಗೆ ನೋಡಲು ಇಷ್ಟವಿಲ್ಲದ್ದು ಏನೋ ಒಂದು ಇರುತ್ತದೆ. ಒಬ್ಬರಿಗೆ ಹೆಂಡತಿಗೆ ಹೇಳದೆ ತೆಗೆದ ಸಾಲ, ಇನ್ನೊಬ್ಬರಿಗೆ ಷೇರಿನಲ್ಲಿ ಆದ ನಷ್ಟ. ನಿಮ್ಮ ಪತ್ರ ಓದಿದಾಗಲೂ ನನಗೆ ಹಾಗೇ ಅನಿಸಿತು. ನಿಮಗೆ ಭಯ ಇರುವುದು ಕಳೆದ ವರ್ಷದ ರಿಟರ್ನ್ ಬಗ್ಗೆ. ಆದಾಯ ತೆರಿಗೆ ಪೋರ್ಟಲ್ ತೆರೆದರೆ ಅದು ಕಣ್ಣಿಗೆ ಬೀಳುತ್ತದೆ. ಅದೇ ಹೊತ್ತಿಗೆ ಓಟಿಪಿ ನೆಪದಲ್ಲಿ ಮೊಬೈಲ್ ಕೈಗೆ ಬರುತ್ತದೆ. ಮೊಬೈಲ್ ನಿಮ್ಮನ್ನು ಅಲ್ಲಿಂದ ಸುಲಭವಾಗಿ ಎಬ್ಬಿಸಿಕೊಂಡು ಹೋಗುತ್ತದೆ.

ಇದನ್ನು ನಿಮ್ಮ ಮನಸ್ಸಿನ ದೌರ್ಬಲ್ಯ ಅಂತ ತಿಳಿಯಬೇಡಿ. ಪೇಪರ್ ಓದುವಾಗ ಕೊನೆಯ ಪುಟ ಬಂದರೆ ಕೈ ತಾನಾಗೇ ನಿಲ್ಲುತ್ತದೆ. ಫೋನಿನಲ್ಲಿ ಆ ಕೊನೆಯ ಪುಟವನ್ನೇ ತೆಗೆದುಹಾಕಿದ್ದಾರೆ. ಮುಗಿಯದೆ ಕೆಳಕ್ಕೆ ಓಡುವ ಈ ಪರದೆಯನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಅದರಿಂದ ಜನರ ಎಷ್ಟು ಸಮಯ ಹೋಯಿತು ಅಂತ ಮುಂದೆ ಅವರೇ ಬಹಿರಂಗವಾಗಿ ಬೇಸರ ಹೇಳಿಕೊಂಡರು. ನಮ್ಮಲ್ಲಿ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಕೆಲವೇ ದಿನದಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ತೆರಿಗೆಯ ಬಗ್ಗೆ ಒಂದು ರೀಲ್ ಪೂರ್ತಿ ನೋಡಿದಿರಿ ಅಂದುಕೊಳ್ಳಿ, ಅಂಥದ್ದೇ ಇನ್ನೂ ಹತ್ತು ಬರುತ್ತವೆ. ಅರ್ಧ ಹೆದರಿಸುವಂಥವು, ಅರ್ಧ ಆಸೆ ತೋರಿಸುವಂಥವು. ಕಳೆದ ವರ್ಷ ಆಸೆಯ ರೀಲ್ ನಿಮ್ಮನ್ನು ಏಜೆಂಟ್ ಹತ್ತಿರ ಕರೆದುಕೊಂಡು ಹೋಯಿತು. ಈ ವರ್ಷ ಹೆದರಿಕೆಯ ರೀಲ್ ಪೋರ್ಟಲ್ ಹತ್ತಿರ ಹೋಗಲು ಬಿಡುತ್ತಿಲ್ಲ.

ಗೋವಾ ಫೋಟೋ ವಿಷಯ ಮೊದಲು ಮುಗಿಸೋಣ. ಹೊಸ ಆದಾಯ ತೆರಿಗೆ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು, ಅದರ ಜಾರಿಯ ದಿನ 2026ರ ಏಪ್ರಿಲ್ 1. ಅದರ 247ನೇ ಸೆಕ್ಷನ್ ಶೋಧಕ್ಕೆ, ಅಂದರೆ ನಾವು ರೇಡ್ ಅನ್ನುತ್ತೇವಲ್ಲ ಅದಕ್ಕೆ ಸಂಬಂಧಿಸಿದ್ದು. ಆದಾಯ ಮುಚ್ಚಿಟ್ಟಿದ್ದಾರೆ ಅಂತ ನಂಬಲು ಕಾರಣ ಇದ್ದು, ಮೇಲಿನ ಅಧಿಕಾರಿಗಳ ಅನುಮತಿಯೊಂದಿಗೆ ರೇಡ್ ನಡೆದಾಗ, ಅಲ್ಲಿನ ಕಂಪ್ಯೂಟರ್, ಇಮೇಲ್, ಆನ್‌ಲೈನ್ ಖಾತೆಗಳನ್ನು ತೆರೆದು ನೋಡುವ ಅಧಿಕಾರ ಅದು. ಸಂಬಳದವರೆಲ್ಲರ ವಾಟ್ಸಾಪ್ ಕೂತು ಓದುತ್ತಾರೆ ಅನ್ನುವುದು ಸುಳ್ಳು. ಆ ಫೋಟೋಗಳನ್ನು ಮತ್ತೆ ಹಾಕಿಕೊಳ್ಳಿ.

ಇಲಾಖೆಗೆ ನಿಮ್ಮ ಫೋಟೋ ಬೇಕಾಗಿಯೂ ಇಲ್ಲ. ಅವರ ಹತ್ತಿರ ಎಐಎಸ್ ಇದೆ. 2021ರ ನವೆಂಬರ್‌ನಲ್ಲಿ ಶುರುವಾದ ವಾರ್ಷಿಕ ಮಾಹಿತಿ ಪಟ್ಟಿ ಅದು. ನಿಮ್ಮ ಸಂಬಳ, ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮತ್ತು ಮ್ಯೂಚುವಲ್ ಫಂಡ್ ವ್ಯವಹಾರ ಎಲ್ಲ ಅದರಲ್ಲಿ ಬರುತ್ತದೆ. 30 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ರಿಜಿಸ್ಟ್ರೇಷನ್, ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಿದ್ದು ಕೂಡ. ನಿಮ್ಮ ಎಫ್‌ಡಿಯ 18,000 ಬಡ್ಡಿ ಈಗಾಗಲೇ ಅಲ್ಲಿ ಕೂತಿದೆ. ನೀವು ಕಂಪನಿಗೆ ಹೇಳದೇ ಇರಬಹುದು, ಬ್ಯಾಂಕ್ ಇಲಾಖೆಗೆ ಹೇಳಿದೆ.

ಈಗ ಕಳೆದ ವರ್ಷದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಜೆಂಟ್ ನಿಮಗೆ ಮಾಡಿದ್ದು ಏನು ಅಂತ ನಿಮಗೇ ಪೂರ್ತಿ ಗೊತ್ತಿದ್ದ ಹಾಗೆ ಕಾಣುವುದಿಲ್ಲ.

ಹಳೆ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯ 5 ಲಕ್ಷದೊಳಗೆ ಇದ್ದರೆ 87ಎ ಸೆಕ್ಷನ್ ಪ್ರಕಾರ 12,500 ರೂಪಾಯಿವರೆಗೆ ರಿಯಾಯಿತಿ ಸಿಗುತ್ತದೆ, ತೆರಿಗೆ ಸೊನ್ನೆಯಾಗುತ್ತದೆ. 5 ಲಕ್ಷದ ಮೇಲೆ ಸ್ವಲ್ಪ ಹೋದರೂ ರಿಯಾಯಿತಿ ಇಲ್ಲ. ನಿಮಗೆ 29,640 ರೂಪಾಯಿ ತೆರಿಗೆ ಹಿಡಿದಿದ್ದರು. ಅಂದರೆ ನಿಮ್ಮ ತೆರಿಗೆ ಬೀಳುವ ಆದಾಯ 5,80,000 ಇತ್ತು. ಮೊದಲ 5 ಲಕ್ಷಕ್ಕೆ ತೆರಿಗೆ 12,500, ಮೇಲಿನ 80,000ಕ್ಕೆ ಶೇಕಡಾ 20ರಂತೆ 16,000, ಒಟ್ಟು 28,500, ಅದಕ್ಕೆ ಶೇಕಡಾ 4 ಸೆಸ್ ಸೇರಿದರೆ ಸರಿಯಾಗಿ ಅದೇ ಮೊತ್ತ ಬರುತ್ತದೆ. ಏಜೆಂಟ್ 85,000 ದೇಣಿಗೆ ಅಂತ ತೋರಿಸಿ ಆದಾಯವನ್ನು 4,95,000ಕ್ಕೆ ಇಳಿಸಿದರು. 5 ಲಕ್ಷದ ಗೆರೆಯ ಕೆಳಗೆ ಬಂತು, ತೆರಿಗೆ ಸೊನ್ನೆ, ಹಿಡಿದದ್ದು ಪೂರ್ತಿ ವಾಪಸ್. “ನೂರಕ್ಕೆ ನೂರು ಟಿಡಿಎಸ್ ರೀಫಂಡ್” ಅಂತ ರೀಲ್ಸ್‌ನಲ್ಲಿ ಹೇಳುವ ಗುಟ್ಟು ಸಾಮಾನ್ಯವಾಗಿ ಇಷ್ಟೇ. ಎಷ್ಟು ಸುಳ್ಳು ಬರೆದರೆ 5 ಲಕ್ಷದ ಕೆಳಗೆ ಬರುತ್ತದೆ ಅಂತ ಲೆಕ್ಕ ಹಾಕುತ್ತಾರೆ, ಅಷ್ಟು ಬರೆಯುತ್ತಾರೆ.

ದೇಣಿಗೆಗೆ ಇರುವ ಸೆಕ್ಷನ್ 80ಜಿಜಿಸಿ. ನಿಜವಾಗಿ ಕೊಟ್ಟವರಿಗೆ ಅದು ನ್ಯಾಯವಾದ ಸೌಲಭ್ಯ. ನೋಂದಾಯಿತ ಪಕ್ಷಕ್ಕೆ ಕೊಟ್ಟಿರಬೇಕು, ನಗದಿನಲ್ಲಿ ಕೊಟ್ಟಿರಬಾರದು. ಆದರೆ ಚುನಾವಣೆಗೇ ನಿಲ್ಲದ ಹೆಸರಿನ ಪಕ್ಷಗಳ ಮೂಲಕ ಇದು ದೊಡ್ಡ ದಂಧೆಯಾಗಿತ್ತು. 2025ರ ಆಗಸ್ಟ್‌ನಲ್ಲಿ ಚುನಾವಣಾ ಆಯೋಗ ಇಂಥ 334 ಪಕ್ಷಗಳನ್ನು ಪಟ್ಟಿಯಿಂದ ತೆಗೆಯಿತು. ಅದಕ್ಕೂ ಮುಂಚೆ, ಜುಲೈ 14ರಂದು, ಸುಳ್ಳು ಕಡಿತ ತೋರಿಸಿ ರೀಫಂಡ್ ಕೊಡಿಸುವವರ ಮೇಲೆ ಆದಾಯ ತೆರಿಗೆ ಇಲಾಖೆ ದೇಶದ ಸುಮಾರು 150 ಕಡೆ ಪರಿಶೀಲನೆ ನಡೆಸಿತು. ಅಲ್ಲಿಯವರೆಗಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತೆಗೆದುಕೊಂಡಿದ್ದಾರೆ ಅಂತ ಇಲಾಖೆಯೇ ಹೇಳಿತು. ನೀವು ಒಬ್ಬರೇ ಸಿಕ್ಕಿಕೊಂಡಿಲ್ಲ, ಹೊರಗೆ ಬರುವವರೂ ನೀವು ಒಬ್ಬರೇ ಆಗುವುದಿಲ್ಲ.

ಸಹೋದ್ಯೋಗಿಗೆ ಇಮೇಲ್ ಬಂತು, ನಿಮಗೆ ಬರಲಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಅದೇ ಪರಿಶೀಲನೆಯಲ್ಲಿ ಇಲಾಖೆ ಇನ್ನೊಂದು ಸಂಗತಿ ಹೇಳಿತ್ತು. ಈ ಏಜೆಂಟರು ತಾತ್ಕಾಲಿಕ ಇಮೇಲ್ ಐಡಿಗಳನ್ನು ಮಾಡಿ ನೂರಾರು ರಿಟರ್ನ್ ಹಾಕುತ್ತಾರೆ, ಆಮೇಲೆ ಆ ಐಡಿಗಳನ್ನು ಬಿಟ್ಟುಬಿಡುತ್ತಾರೆ. ಇಲಾಖೆಯ ಪತ್ರ ಅಲ್ಲಿಗೆ ಹೋಗಿ ಯಾರೂ ಓದದೆ ಬಿದ್ದಿರುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬ ಶಾಲಾ ಶಿಕ್ಷಕರಿಗೆ ಹೀಗೇ ಆಗಿತ್ತು. ಅವರ ಪ್ರೊಫೈಲಿನಲ್ಲಿ ಇದ್ದ ಇಮೇಲ್ ಅವರದ್ದಲ್ಲ. ಮೂರು ಪತ್ರ ಬಂದು ಹೋಗಿದ್ದವು, ಉತ್ತರ ಕೊಡುವ ದಿನವೂ ಮುಗಿದಿತ್ತು. ಮೊದಲ ಪತ್ರಕ್ಕೇ ಬಂದಿದ್ದರೆ ಅರ್ಧ ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅವರು ಒಂದು ವರ್ಷ ಓಡಾಡಿದರು.

ಹಾಗಾಗಿ ಮೊದಲ ದಿನ ಯಾವ ರಿಟರ್ನನ್ನೂ ತುಂಬಲು ಹೋಗಬೇಡಿ. ಪೋರ್ಟಲ್‌ಗೆ ಹೋಗಿ ಇಷ್ಟು ಮಾಡಿ ಸಾಕು. ಪಾಸ್‌ವರ್ಡ್ ಏಜೆಂಟ್ ಹತ್ತಿರ ಇದ್ದರೆ, ಅಥವಾ ಅವರು ಬದಲಿಸಿದ್ದರೆ, “ಫರ್ಗಾಟ್ ಪಾಸ್‌ವರ್ಡ್” ಒತ್ತಿ ಆಧಾರ್‌ಗೆ ಜೋಡಿಸಿದ ಮೊಬೈಲಿನ ಓಟಿಪಿಯಿಂದ ಹೊಸದು ಮಾಡಿಕೊಳ್ಳಿ. ಪ್ರೊಫೈಲಿನಲ್ಲಿ ಮೊಬೈಲ್ ನಂಬರ್, ಇಮೇಲ್, ಬ್ಯಾಂಕ್ ಖಾತೆ ನಿಮ್ಮದೇನಾ ನೋಡಿ, ಅಲ್ಲದಿದ್ದರೆ ಬದಲಿಸಿ. ಆಮೇಲೆ “ಪೆಂಡಿಂಗ್ ಆಕ್ಷನ್ಸ್” ಒಳಗೆ “ಇ-ಪ್ರೊಸೀಡಿಂಗ್ಸ್” ತೆರೆದು 2024-25ರ ಅಸೆಸ್‌ಮೆಂಟ್ ವರ್ಷಕ್ಕೆ, ಅಂದರೆ 2023-24ರ ಆದಾಯಕ್ಕೆ ಕಳೆದ ವರ್ಷ ಹಾಕಿದ ರಿಟರ್ನ್‌ಗೆ, ಏನಾದರೂ ಇದೆಯಾ ನೋಡಿ. ಕೊನೆಗೆ ಕಳೆದ ವರ್ಷ ಹಾಕಿದ ರಿಟರ್ನ್ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದುಕೊಳ್ಳಿ. 85,000 ಒಂದೇ ಅಲ್ಲದೆ ಬೇರೆ ಸುಳ್ಳನ್ನೂ ಬರೆದಿರಬಹುದು. ಇರದ ಹೆಲ್ತ್ ಇನ್ಶೂರೆನ್ಸ್, ಇರದ ಶಿಕ್ಷಣ ಸಾಲ ಬರೆದದ್ದನ್ನು ನಾನು ನೋಡಿದ್ದೇನೆ. ಸಾಲು ಸಾಲಾಗಿ ಓದಿ.

ಇ-ಪ್ರೊಸೀಡಿಂಗ್ಸ್ ಖಾಲಿ ಇದ್ದರೆ, ಅಥವಾ “ನಿಮ್ಮ ಕ್ಲೇಮ್ ಒಮ್ಮೆ ಪರಿಶೀಲಿಸಿ” ಅನ್ನುವ ಎಚ್ಚರಿಕೆ ಇಮೇಲ್ ಅಷ್ಟೇ ಬಂದಿದ್ದರೆ, ಅಪ್‌ಡೇಟೆಡ್ ರಿಟರ್ನ್ ಹಾಕಬಹುದು. ಐಟಿಆರ್-ಯು ಅನ್ನುತ್ತಾರೆ. 2022ರಲ್ಲಿ ಬಂದ ಸೌಲಭ್ಯ ಇದು. ಮೊದಲು ಎರಡು ವರ್ಷದ ಅವಕಾಶ ಇತ್ತು, 2025ರಲ್ಲಿ ನಾಲ್ಕು ವರ್ಷಕ್ಕೆ ಏರಿಸಿದರು. ಇದರಿಂದ ರೀಫಂಡ್ ಕೇಳಲು ಆಗುವುದಿಲ್ಲ. ಬಿಟ್ಟ ಆದಾಯ ಸೇರಿಸಲು, ತಪ್ಪಾಗಿ ಪಡೆದದ್ದನ್ನು ವಾಪಸ್ ಕಟ್ಟಲು ಮಾತ್ರ ಇದು. ಬೇಗ ಬಂದವರಿಗೆ ಹೊರೆ ಕಡಿಮೆ. ನಿಮ್ಮ ಆ ವರ್ಷಕ್ಕೆ 2026ರ ಮಾರ್ಚ್ 31ರೊಳಗೆ ಹಾಕಿದರೆ ತೆರಿಗೆ ಮತ್ತು ಬಡ್ಡಿ ಸೇರಿದ ಮೊತ್ತದ ಮೇಲೆ ಶೇಕಡಾ 25 ಹೆಚ್ಚುವರಿ. ಅದರ ಮುಂದಿನ ವರ್ಷ ಶೇಕಡಾ 50. ಆಮೇಲೆ 60, ಕೊನೆಗೆ 70.

ಬಡ್ಡಿ ಬಿಟ್ಟು ಲೆಕ್ಕ ಹಾಕೋಣ. ವಾಪಸ್ ಕಟ್ಟಬೇಕಾದದ್ದು 29,640. ಅದರ ಶೇಕಡಾ 25 ಅಂದರೆ 7,410. ಒಟ್ಟು 37,050. ಮಾರ್ಚ್ ದಾಟಿದರೆ ಇದೇ ಮೊತ್ತ 44,460 ಆಗುತ್ತದೆ. ಸುಮ್ಮನೆ ಕೂತು ಇಲಾಖೆಯೇ ಹಿಡಿದರೆ? ಸುಳ್ಳು ಕಡಿತ ತೋರಿಸಿದ್ದಕ್ಕೆ 270ಎ ಸೆಕ್ಷನ್ ಪ್ರಕಾರ ತೆರಿಗೆಯ ಎರಡು ಪಟ್ಟು ದಂಡ ಹಾಕಬಹುದು. 59,280 ದಂಡ, 29,640 ತೆರಿಗೆ, ಸೇರಿ 88,920. ಬಡ್ಡಿ ಬೇರೆ. ಪ್ರಾಸಿಕ್ಯೂಷನ್ ಅಂದರೆ ಕೋರ್ಟ್ ಕೇಸಿಗೂ ಕಾನೂನಿನಲ್ಲಿ ಅವಕಾಶ ಇದೆ.

ಇದರಲ್ಲಿ ಎರಡು ಅಪಾಯ ನೆನಪಿಡಿ. ಒಂದು ವರ್ಷಕ್ಕೆ ಐಟಿಆರ್-ಯು ಒಂದೇ ಸಲ ಹಾಕಲು ಸಾಧ್ಯ. ಕಳೆದ ವರ್ಷವೂ ಎಫ್‌ಡಿ ಬಡ್ಡಿ ಬಿಟ್ಟಿದ್ದರೆ ಈಗಲೇ ಸೇರಿಸಿಬಿಡಿ, ಆಮೇಲೆ ತಿದ್ದಲು ಆಗುವುದಿಲ್ಲ. ಎರಡನೆಯದು ದೊಡ್ಡದು. ಆ ವರ್ಷಕ್ಕೆ ಅಸೆಸ್‌ಮೆಂಟ್ ಅಥವಾ ಮರು-ಅಸೆಸ್‌ಮೆಂಟ್, ಅಂದರೆ ಇಲಾಖೆಯೇ ನಿಮ್ಮ ತೆರಿಗೆ ಲೆಕ್ಕ ಪರಿಶೀಲಿಸುವ ಕ್ರಮ ಶುರುವಾಗಿದ್ದರೆ ಈ ಬಾಗಿಲು ಮುಚ್ಚಿದ ಹಾಗೆ. ಅದಕ್ಕೇ ಮಾರ್ಚ್‌ವರೆಗೆ ಟೈಮ್ ಇದೆಯಲ್ಲ ಅಂತ ಕಾಯಬೇಡಿ ಅನ್ನುತ್ತೇನೆ.

ಒಂದು ವೇಳೆ ನಿಜವಾದ ನೋಟಿಸ್ ಈಗಾಗಲೇ ಬಂದಿದ್ದರೆ, ಅದರಲ್ಲಿ ಉತ್ತರಕ್ಕೆ ಕೊಟ್ಟ ದಿನಕ್ಕೆ ಮುಂಚೆ ಒಬ್ಬ ಆಡಿಟರ್ ಹತ್ತಿರ ಹೋಗಿ. ನಿಜವಾದ ನೋಟಿಸ್ ಮೇಲೆ ಡಿಐಎನ್ ಅನ್ನುವ ನಂಬರ್ ಇರುತ್ತದೆ. ಪೋರ್ಟಲ್‌ನ ಮೊದಲ ಪುಟದಲ್ಲೇ, ಲಾಗಿನ್ ಇಲ್ಲದೆ, ಅದನ್ನು ಪರೀಕ್ಷಿಸಬಹುದು. ಉತ್ತರದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಏಜೆಂಟ್ ಈಗ ಫೋನ್ ಮಾಡಿ “ಹಳೆ ದಿನಾಂಕದ ರಸೀದಿ ಮಾಡಿಸಿಕೊಡುತ್ತೇನೆ” ಅನ್ನಬಹುದು. ದಯವಿಟ್ಟು ಬೇಡ. ಇವತ್ತಿನವರೆಗೆ ನೀವು ತಪ್ಪು ಕ್ಲೇಮ್ ಮಾಡಿದವರು. ಆ ರಸೀದಿ ಕೊಟ್ಟ ದಿನ ಸುಳ್ಳು ದಾಖಲೆ ಸೃಷ್ಟಿಸಿದವರಾಗುತ್ತೀರಿ. ಅಲ್ಲಿಂದ ಹೊರಗೆ ತರುವುದು ನನ್ನಂಥವರಿಗೂ ಕಷ್ಟ.

ಏಜೆಂಟ್ ಮಾಡಿದ್ದಕ್ಕೆ ನಾನ್ಯಾಕೆ ಹೊಣೆ ಅಂತ ಬಹಳ ಜನ ಕೇಳುತ್ತಾರೆ. ರಿಟರ್ನ್ ಇರುವುದು ನಿಮ್ಮ ಪ್ಯಾನ್ ಮೇಲೆ. ವೆರಿಫಿಕೇಷನ್‌ಗೆ ಓಟಿಪಿ ಹೇಳಿದವರು ನೀವು, ಹಣ ಬಂದದ್ದು ನಿಮ್ಮ ಖಾತೆಗೆ. ಕಾನೂನು ನಿಮ್ಮನ್ನೇ ಕೇಳುತ್ತದೆ. ಏಜೆಂಟ್‌ಗೆ ಕೊಟ್ಟ ಆರು ಸಾವಿರ ಹೋಯಿತು ಅಂದುಕೊಳ್ಳಿ. ಅವರ ಜೊತೆಗಿನ ಮೆಸೇಜ್, ಹಣ ಕಳಿಸಿದ ದಾಖಲೆ ಮಾತ್ರ ಅಳಿಸಬೇಡಿ, ಮುಂದೆ ವಿಚಾರಣೆ ಆದರೆ ಅದು ನಿಮಗೆ ಬೇಕಾಗುತ್ತದೆ. ಇನ್ನು ಮುಂದೆ ಯಾರನ್ನಾದರೂ ಹಿಡಿಯುವಾಗ ಒಂದೇ ಪ್ರಶ್ನೆ ಕೇಳಿ, ಫೀಸ್ ಎಷ್ಟು? “ರೀಫಂಡ್‌ನಲ್ಲಿ ಇಷ್ಟು ಪರ್ಸೆಂಟ್” ಅಂದರೆ ಎದ್ದು ಬನ್ನಿ. ಚಾರ್ಟರ್ಡ್ ಅಕೌಂಟೆಂಟ್‌ಗಳು ಇಂಥ ಪರ್ಸೆಂಟ್ ಲೆಕ್ಕದ ಫೀಸ್ ತೆಗೆದುಕೊಳ್ಳಲು 1949ರ ಅವರ ಕಾಯ್ದೆಯೇ ಸಾಮಾನ್ಯವಾಗಿ ಬಿಡುವುದಿಲ್ಲ.

ಈಗ ಈ ವರ್ಷದ ರಿಟರ್ನ್. ಇಲ್ಲಿ ನಿಮಗೆ ಸಮಾಧಾನದ ಸುದ್ದಿ ಇದೆ.

ಕೊನೆಯ ದಿನ ಮೊದಲು ಜುಲೈ 31 ಇತ್ತು, ಸೆಪ್ಟೆಂಬರ್ 15ಕ್ಕೆ ಹೋಯಿತು, ಕೊನೆಗೆ ಒಂದು ದಿನ ಸೇರಿ 16 ಆಯಿತು. ಅದು ಮುಗಿದರೂ 2025ರ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಲು ಅವಕಾಶ ಇದೆ. ಆದಾಯ 5 ಲಕ್ಷದ ಮೇಲಿರುವುದರಿಂದ ತಡ ಶುಲ್ಕ 5,000 ರೂಪಾಯಿ. 5 ಲಕ್ಷದೊಳಗೆ ಇದ್ದವರಿಗೆ 1,000. ತಡ ಮಾಡಿದವರಿಗೆ ಇನ್ನೊಂದು ಪೆಟ್ಟು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಂಬಳದವರು ಹಳೆ ಪದ್ಧತಿ ಬೇಕು ಅಂದರೆ ಗಡುವಿನೊಳಗೆ ರಿಟರ್ನ್ ಹಾಕಿರಬೇಕು. ಗಡುವು ದಾಟಿತು ಅಂದರೆ ಹೊಸ ಪದ್ಧತಿ ಒಂದೇ. ಪಿಎಫ್, ಎಲ್‌ಐಸಿ, ಮನೆ ಬಾಡಿಗೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ನಿಮಗೆ ಇದರಿಂದ ಎಷ್ಟು ನಷ್ಟ ಅಂತ ಎರಡೂ ಪದ್ಧತಿಯಲ್ಲಿ ಕೂತು ಲೆಕ್ಕ ಹಾಕಿದೆ. ಹಳೆ ಪದ್ಧತಿಯಲ್ಲಿ 9,25,000ದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ಬಾಡಿಗೆ ವಿನಾಯಿತಿ 1,20,000, ಪಿಎಫ್, ಎಲ್‌ಐಸಿಗೆ 80ಸಿ ಸೆಕ್ಷನ್‌ನ 1,50,000 ಕಳೆದರೆ 6,02,600. ಕಂಪನಿ ಹಿಡಿದ 34,341 ಇದರ ಮೇಲಿನ ತೆರಿಗೆ. ಎಫ್‌ಡಿ ಬಡ್ಡಿ ಸೇರಿದರೆ 6,20,600, ತೆರಿಗೆ ಸೆಸ್ ಸೇರಿ ಸುಮಾರು 38,080. ಹೊಸ ಪದ್ಧತಿಯಲ್ಲಿ 9,25,000ದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, ಬಡ್ಡಿ ಸೇರಿಸಿದರೆ 8,68,000. ಮೊದಲ 3 ಲಕ್ಷಕ್ಕೆ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇಕಡಾ 5ರಂತೆ 20,000, ಉಳಿದ 1,68,000ಕ್ಕೆ ಶೇಕಡಾ 10ರಂತೆ 16,800. ಸೆಸ್ ಸೇರಿ 38,270.

ವ್ಯತ್ಯಾಸ ಇನ್ನೂರು ರೂಪಾಯಿಯೂ ಇಲ್ಲ. ಹಳೆ ಪದ್ಧತಿ ಕೈತಪ್ಪಿ ದೊಡ್ಡ ನಷ್ಟ ಆಯಿತು ಅಂತ ನೀವು ಕೊರಗುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಗೃಹ ಸಾಲದ ಬಡ್ಡಿ ಕಟ್ಟುವವರಿಗೆ ಇದು ಹೀಗೆ ಇರುವುದಿಲ್ಲ, ಅವರಿಗೆ ಇದೇ ತಡ ಹತ್ತಾರು ಸಾವಿರದ ಪೆಟ್ಟು ಆಗಬಹುದು. ನೀವು ಬಾಕಿ ಕಟ್ಟಬೇಕಾದದ್ದು 38,270ರಲ್ಲಿ 34,341 ಕಳೆದು ಸುಮಾರು 3,930. ತಡ ಶುಲ್ಕ 5,000. ತಿಂಗಳಿಗೆ ಶೇಕಡಾ 1ರ ಬಡ್ಡಿ ಡಿಸೆಂಬರ್‌ವರೆಗೆ ನೂರೈವತ್ತರ ಆಸುಪಾಸು. ಟಿಡಿಎಸ್ ಹೋಗಿ ಉಳಿದ ಬಾಕಿ 10,000ಕ್ಕಿಂತ ಕಡಿಮೆ ಇರುವುದರಿಂದ ಮುಂಗಡ ತೆರಿಗೆ ಕಟ್ಟಿಲ್ಲ ಅನ್ನುವ ಬಡ್ಡಿ ಬೀಳುವುದಿಲ್ಲ. ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ.

ಸಂಬಳ ಮತ್ತು ಬಡ್ಡಿ ಮಾತ್ರ ಇದ್ದರೆ ಐಟಿಆರ್-1, ಸಹಜ್ ಅನ್ನುವ ಫಾರಂ ಸಾಕು. ಬಹುಪಾಲು ಅಂಕಿಗಳು ಮೊದಲೇ ತುಂಬಿರುತ್ತವೆ. ಫಾರಂ 16, 26ಎಎಸ್ (ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ), ಎಐಎಸ್ ಮೂರನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು ಹೋಲಿಸಿ. ಮೊದಲು ಬಾಕಿ ತೆರಿಗೆಯ ಚಲನ್ ಕಟ್ಟಿ, ಅದರ ವಿವರ ರಿಟರ್ನ್‌ನಲ್ಲಿ ಬಂದಿದೆಯಾ ನೋಡಿ, ಆಮೇಲೆ ಸಬ್ಮಿಟ್ ಮಾಡಿ. ಸಬ್ಮಿಟ್ ಮಾಡಿದರೆ ಮುಗಿಯಲಿಲ್ಲ, 30 ದಿನದೊಳಗೆ ಇ-ವೆರಿಫೈ ಮಾಡಲೇಬೇಕು. ಮಾಡದಿದ್ದರೆ ರಿಟರ್ನ್ ಹಾಕಿಲ್ಲ ಅಂತಲೇ ಲೆಕ್ಕ. ಫೋನ್ ಎತ್ತಿಕೊಂಡು ಕಳೆದುಹೋಗುವವರು ಹೆಚ್ಚಾಗಿ ಬೀಳುವುದು ಈ ಗುಂಡಿಗೇ. ಎಲ್ಲ ತುಂಬಿರುತ್ತಾರೆ, ಕೊನೆಯ ಓಟಿಪಿಗೆ ಫೋನ್ ಎತ್ತುತ್ತಾರೆ, ಅಲ್ಲೊಂದು ನೋಟಿಫಿಕೇಷನ್. ಆಮೇಲೆ ಮಾಡಿದರಾಯಿತು ಅಂತ ಬಿಟ್ಟದ್ದು ಮರುವರ್ಷ ನೆನಪಾಗುತ್ತದೆ.

ಹಾಗಾದರೆ ಫೋನನ್ನು ಏನು ಮಾಡುವುದು? ಆ್ಯಪ್ ಅಳಿಸಿ, ಒಂದು ತಿಂಗಳು ಸಾಮಾಜಿಕ ಜಾಲತಾಣ ಬಿಡಿ ಅಂತ ನಾನು ಹೇಳುವುದಿಲ್ಲ. ಅದು ನನ್ನ ಕ್ಷೇತ್ರವೂ ಅಲ್ಲ, ರಿಟರ್ನ್ ಹಾಕಲು ಅಷ್ಟೆಲ್ಲ ಬೇಕಾಗಿಯೂ ಇಲ್ಲ. ನನ್ನ ಹತ್ತಿರ ಬರುವವರಿಗೆ ಹೇಳಿ, ಅವರಿಗೆ ಕೆಲಸಕ್ಕೆ ಬಂದ ಒಂದು ಮಾತು ಹೇಳುತ್ತೇನೆ. ಓಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಎಸ್‌ಎಂಎಸ್‌ಗೆ ಇಂಟರ್‌ನೆಟ್ ಬೇಡ. ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಹಾಕಿ, ಫೋನಿನ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ. ಓಟಿಪಿ ಬರುತ್ತದೆ, ರೀಲ್ಸ್ ಬರುವುದಿಲ್ಲ. ಮನೆಯಲ್ಲಿ ವೈಫೈ ಇಲ್ಲದೆ ಫೋನಿನಿಂದಲೇ ಹಾಟ್‌ಸ್ಪಾಟ್ ಕೊಡುವವರಾದರೆ, ಇಂಟರ್‌ನೆಟ್‌ಗೆ ಹೆಂಡತಿಯ ಫೋನ್, ಓಟಿಪಿಗೆ ನಿಮ್ಮ ಫೋನ್. ಹಳೆ ಕೀಪ್ಯಾಡ್ ಫೋನ್ ಇದ್ದರೆ ಆ ಎರಡು ಗಂಟೆ ಸಿಮ್ ಅದಕ್ಕೆ ಹಾಕಿ.

ರಾತ್ರಿ ಊಟದ ಮೇಲೆ ಕೂರುವುದನ್ನೂ ಬಿಡಿ. ಇಡೀ ದಿನ ಆಫೀಸು, ಟ್ರಾಫಿಕ್ಕು ಮುಗಿಸಿ ಬಂದ ಹೊತ್ತಿನಲ್ಲಿ ತಲೆಗೆ ಬೇಕಾಗುವುದು ವಿಶ್ರಾಂತಿ, ಫೋನ್ ಆ ರೂಪದಲ್ಲೇ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೂತರೆ ಸಾಕು. ಮೊದಲ ಭಾನುವಾರ ಪ್ರೊಫೈಲ್ ನೋಡಿ, ಪಾಸ್‌ವರ್ಡ್ ಬದಲಿಸಿ, ಪ್ರಿಂಟ್ ತೆಗೆಯಿರಿ. ಎರಡನೆಯ ಭಾನುವಾರ ಈ ವರ್ಷದ ಸಹಜ್ ನೀವೇ ಹಾಕಿ. ಐಟಿಆರ್-ಯುವನ್ನು ಮಾತ್ರ ಒಬ್ಬ ಆಡಿಟರ್ ಹತ್ತಿರ ಕೂತು ಹಾಕಿಸಿ. ಅದರಲ್ಲಿ ಹಳೆ ರೀಫಂಡ್ ಮೊತ್ತ, ಬಡ್ಡಿ, ಹೆಚ್ಚುವರಿ ತೆರಿಗೆ ಎಲ್ಲ ಸರಿಯಾಗಿ ಬರಬೇಕು, ಅದೂ ಒಂದೇ ಸಲಕ್ಕೆ. ಮೊದಲ ಭಾನುವಾರ ತೆಗೆದ ಪ್ರಿಂಟ್ ಹಿಡಿದುಕೊಂಡು ಆ ವಾರದಲ್ಲೇ ಹೋಗಿ.

“ನಿಮ್ಮ ರೀಫಂಡ್ ಮಂಜೂರಾಗಿದೆ, ಖಾತೆ ಖಚಿತಪಡಿಸಿ” ಅಂತ ಲಿಂಕ್ ಇರುವ ಮೆಸೇಜ್ ಈ ದಿನಗಳಲ್ಲಿ ಬಂದರೆ ಒತ್ತಬೇಡಿ. ರೀಫಂಡ್ ಬರುವುದು ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿದ ಖಾತೆಗೆ ಮಾತ್ರ. ಇಲಾಖೆ ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ. ನಿಮಗಂತೂ ಈ ಸಲ ಬರಬೇಕಾದ ರೀಫಂಡ್ ಯಾವುದೂ ಇಲ್ಲ.

ಕೊನೆಯದಾಗಿ ಹೆಂಡತಿಗೆ ಹೇಳುವ ವಿಷಯ. ಎರಡೂ ವರ್ಷದ್ದು ಸೇರಿದರೆ ನೀವು ಬಡ್ಡಿ ಬಿಟ್ಟು 46,000 ರೂಪಾಯಿ ಹೊಂದಿಸಬೇಕು. ನಿಮ್ಮ ಪರಿಸ್ಥಿತಿಯಲ್ಲಿ ಎಫ್‌ಡಿ ಮುರಿಯಬೇಕಾಗಬಹುದು. ಅದು ಇಬ್ಬರೂ ಸೇರಿ ಕೂಡಿಟ್ಟ ದುಡ್ಡು ಅಲ್ವಾ? ಪ್ರಿಂಟ್ ತೆಗೆದ ದಿನವೇ ಆ ಹಾಳೆಗಳನ್ನು ಮುಂದಿಟ್ಟು ಹೇಳಿಬಿಡಿ. ಹೀಗಾಯಿತು, ಇಷ್ಟು ಕಟ್ಟಬೇಕು, ಈಗಲೇ ಕಟ್ಟಿದರೆ 37,000, ಬಿಟ್ಟರೆ 89,000 ಆಗಬಹುದು ಅಂತ. ಬೇಸರ ಮಾಡಿಕೊಳ್ಳಬಹುದು, ಬೈಯಬಹುದು. ನನ್ನ ಟೇಬಲ್ ಮುಂದೆ ಗಂಡ ಹೆಂಡತಿ ಇಬ್ಬರೂ ಕೂತು ಇಂಥ ಲೆಕ್ಕ ಮುಗಿಸಿದ್ದನ್ನು ಬಹಳ ಸಲ ನೋಡಿದ್ದೇನೆ. ಆಮೇಲೆ ಯಾರಿಗೂ ರಾತ್ರಿ ಹನ್ನೊಂದೂವರೆವರೆಗೆ ಫೋನ್ ಹಿಡಿದು ಆ ಫೈಲಿನಿಂದ ತಪ್ಪಿಸಿಕೊಳ್ಳುವ ಅಗತ್ಯ ಉಳಿದಿರಲಿಲ್ಲ. ಎರಡನೆಯ ಭಾನುವಾರ ನಿಮ್ಮ ಫೋನ್ ಅವರ ಕೈಗೆ ಕೊಡಿ. ಓಟಿಪಿ ಬಂದಾಗ ಅವರು ಓದಿ ಹೇಳಲಿ, ನೀವು ಟೈಪ್ ಮಾಡಿ.